ಗುಲಾಮನಾಗಿದ್ದ ಗುರು

ಎಪಿಕ್ಟೀಟಸ್ ಎಂಬ ಗ್ರೀಕ್ ಪದಕ್ಕೆ ಸಂಪಾದಿಸಿಕೊಂಡದ್ದು, ಹೊಸದಾಗಿ ಕೈಸೇರಿದ್ದು ಎಂದು ಅರ್ಥ. ಅಂಗಡಿಗೆ ಹೊಸ ಪಾತ್ರೆಪರಡಿಗಳು ಬಂದಾಗ ಗುಮಾಸ್ತನು ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಮಾತಿನಂತಿರುವ ಈ ಪದವು ಒಬ್ಬ ಮನುಷ್ಯನಿಗೆ ಹೆಸರಾಯಿತು. ಹತ್ತೊಂಬತ್ತು ಶತಮಾನಗಳು ಕಳೆದ ಬಳಿಕವೂ ಲೋಕವು ಅವನನ್ನು ಆ ಹೆಸರಿನಿಂದಲೇ ಕರೆಯುತ್ತಿದೆ. ಅವನಿಗೆ ಬೇರೊಂದು ಹೆಸರಿದ್ದುದನ್ನು ಯಾರೂ ಬರೆದಿಟ್ಟಿಲ್ಲ.

ನಾವು ಹೋಟೆಲಿನ ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ, ಮುಂಬಯಿಯ ಫ್ಲೋರಾ ಫೌಂಟನ್ ಬಳಿ ಕಾಲುದಾರಿಯಲ್ಲಿ ಹರವಿದ್ದ ಹಳೆಯ ಪುಸ್ತಕಗಳ ನಡುವೆ ಅವನ ಉಪದೇಶಗಳ ಇಂಗ್ಲಿಷ್ ಅನುವಾದವೊಂದು ನಮಗೆ ದೊರೆಯಿತು. ಎಸ್.ಎಸ್.ಎಲ್.ಸಿ.ಯ ಇಂಗ್ಲಿಷನ್ನು ನಂಬಿ ಅದನ್ನು ಓದತೊಡಗಿದೆವು. ತತ್ತ್ವಶಾಸ್ತ್ರವೆಂದೊಡನೆ ನಿದ್ರೆ ಬರುವುದೆಂದು ನಾವು ತಿಳಿದಿದ್ದೆವು. ಆದರೆ ಈ ಪುಸ್ತಕದ ತುಂಬ ಕಂಡದ್ದು ಒಡೆದ ಬಟ್ಟಲು, ಚೆಲ್ಲಿದ ಎಣ್ಣೆ, ಆರಿಹೋದ ಬಿಸಿನೀರು, ಊಟದ ಪಂಕ್ತಿ, ದಾರಿಯ ಛತ್ರ. ಹೋಟೆಲಿನವರಿಗೆ ಪರಿಚಯವಿಲ್ಲದ ಸಾಮಗ್ರಿಯೊಂದೂ ಅದರಲ್ಲಿ ಇರಲಿಲ್ಲ. ಬರಬರುತ್ತ ಅದರಲ್ಲಿ ನಮ್ಮನ್ನೇ ಕುರಿತ ಪುಟಗಳೂ ಎದುರಾದವು. ಅವು ನಮಗೆ ಹಿತವಾಗಿರಲಿಲ್ಲ. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಎಪಿಕ್ಟೀಟಸನು ಕ್ರಿ. ಶ. 50ರ ಸುಮಾರಿಗೆ ಫ್ರಿಜಿಯಾ ಸೀಮೆಯ ಹೈರಾಪೊಲಿಸ್ ಎಂಬ ಪಟ್ಟಣದಲ್ಲಿ ಜನಿಸಿದನು. ಇಂದು ಅದು ತುರ್ಕಿ ದೇಶದಲ್ಲಿದೆ. ಬಿಸಿನೀರಿನ ಚಿಲುಮೆಗಳಿಂದ ಬೆಳ್ಳಗೆ ಹೆಪ್ಪುಗಟ್ಟಿದ ಸುಣ್ಣದ ಮೆಟ್ಟಿಲುಗಳನ್ನು ನೋಡಲು ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಅವನು ಚಿಕ್ಕಂದಿನಲ್ಲಿಯೇ ರೋಮ್ ನಗರವನ್ನು ಸೇರಿ ಎಪಫ್ರೊಡಿಟಸ್ ಎಂಬ ಧಣಿಯ ಮನೆಯಲ್ಲಿ ಗುಲಾಮನಾಗಿದ್ದನು. ಈ ಧಣಿಯೂ ಸಾಮಾನ್ಯನಲ್ಲ. ಅವನೇ ಹಿಂದೆ ಗುಲಾಮನಾಗಿದ್ದು, ಬಿಡುಗಡೆ ಹೊಂದಿ, ನೀರೋ ಚಕ್ರವರ್ತಿಗೆ ಬರುವ ಅರ್ಜಿಗಳನ್ನು ನೋಡಿಕೊಳ್ಳುವ ಕಾರ್ಯದರ್ಶಿಯ ಪದವಿಗೇರಿದವನು. ಅರ್ಜಿಯು ಯಾರ ಮೇಜಿನ ಮೇಲೆ ನಿಲ್ಲುವುದೋ ಅವನ ಮನೆಯ ಬಾಗಿಲಲ್ಲಿ ಜನ ನೆರೆಯುವುದು ಎಲ್ಲ ಕಾಲಗಳಲ್ಲಿಯೂ ಒಂದೇ. ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಬಾಗಿಲಲ್ಲಿ ನಿಂತ ಹುಡುಗನು ದೊಡ್ಡ ಮನುಷ್ಯರ ಸಣ್ಣತನವನ್ನೆಲ್ಲ ಹತ್ತಿರದಿಂದ ಕಂಡನು. ಮುಂದೆ ಗುರುವಾದಾಗ ತನ್ನ ಶಿಷ್ಯರಿಗೆ ಆ ಕಥೆಗಳನ್ನು ಹೇಳುತ್ತಿದ್ದನು. ಎಪಫ್ರೊಡಿಟಸನ ಬಳಿ ಫೆಲಿಕಿಯೋ ಎಂಬ ಚಮ್ಮಾರ ಗುಲಾಮನಿದ್ದನು. ಅವನು ಕೆಲಸಕ್ಕೆ ಬಾರದವನೆಂದು ಧಣಿಯು ಅವನನ್ನು ಮಾರಿಬಿಟ್ಟನು. ಕೊಂಡವನು ಅರಮನೆಗೆ ಸೇರಿದವನಾಗಿದ್ದುದರಿಂದ ಫೆಲಿಕಿಯೋ ಚಕ್ರವರ್ತಿಯ ಪಾದರಕ್ಷೆಗಳನ್ನು ಹೊಲಿಯುವವನಾದನು. ಆ ದಿನದಿಂದ ಎಪಫ್ರೊಡಿಟಸನು ಅವನನ್ನು ಕಂಡಲ್ಲಿ ಕೈಜೋಡಿಸದ ಕುಶಲ ಪ್ರಶ್ನೆಯಿಲ್ಲ, ಅವನೊಡನೆ ಸಮಾಲೋಚಿಸದ ವಿಷಯವಿಲ್ಲ. ಮತ್ತೊಮ್ಮೆ ಒಬ್ಬನು ಅಳುತ್ತ ಬಂದು ಎಪಫ್ರೊಡಿಟಸನ ಮೊಣಕಾಲನ್ನು ಹಿಡಿದು, ತಾನು ಹಾಳಾದೆನೆಂದೂ ತನ್ನಲ್ಲಿ ಬರಿಯ 15 ಲಕ್ಷ ನಾಣ್ಯಗಳು ಮಾತ್ರ ಉಳಿದಿವೆಯೆಂದೂ ಗೋಳಿಟ್ಟನು. ಕೇಳಿದವನು ನಗಲಿಲ್ಲ. ಇಂತಹ ಕಷ್ಟವನ್ನು ಇಷ್ಟು ದಿನ ಹೇಗೆ ಬಾಯಿಬಿಡದೆ ಸಹಿಸಿದಿರಿ ಎಂದು ನಿಜವಾಗಿಯೇ ಮರುಗಿದನು. ಮೈಮೇಲಿನ ಬಟ್ಟೆಯೂ ತನ್ನದಲ್ಲದ ಹುಡುಗನೊಬ್ಬನು ಇದನ್ನು ಕೇಳಿಸಿಕೊಂಡದ್ದನ್ನು ನೆನೆದರೆ ನಮಗೆ ನಗೆಯೂ ಬರುತ್ತದೆ, ಮತ್ತೇನೋ ಆಗುತ್ತದೆ.

ಎಪಿಕ್ಟೀಟಸನು ಕುಂಟನಾಗಿದ್ದನು. ಅದಕ್ಕೆ ಎರಡು ಕಾರಣಗಳನ್ನು ಹಿಂದಿನವರು ಹೇಳಿದ್ದಾರೆ. ಧಣಿಯು ಅವನ ಕಾಲನ್ನು ತಿರುಚುತ್ತಿದ್ದಾಗ, ಹೀಗೆ ತಿರುಚಿದರೆ ಮುರಿಯುವುದೆಂದು ಅವನು ಶಾಂತವಾಗಿ ತಿಳಿಸಿದನಂತೆ. ಮುರಿದ ಬಳಿಕ, ತಾನು ಮೊದಲೇ ತಿಳಿಸಿದ್ದೆನಲ್ಲವೆ ಎಂದು ಅಷ್ಟೇ ಶಾಂತವಾಗಿ ಕೇಳಿದನಂತೆ. ಇದು ಒಂದು ಕಥೆ. ವಾತರೋಗದಿಂದ ಕಾಲು ಹೋಯಿತೆಂಬುದು ಇನ್ನೊಂದು. ಮೊದಲನೆಯದು ಉಪನ್ಯಾಸಗಳಿಗೆ ಬಹಳ ಒಗ್ಗುವ ಕಥೆಯಾದುದರಿಂದಲೇ ನಮಗೆ ಅದರ ಮೇಲೆ ಸ್ವಲ್ಪ ಸಂಶಯ. ಅವನಾದರೋ ತನ್ನ ಕುಂಟುತನವನ್ನು ಪ್ರಸ್ತಾಪಿಸಿದಾಗಲೆಲ್ಲ ಯಾರನ್ನೂ ದೂರಲಿಲ್ಲ. ಕುಂಟುತನವು ಕಾಲಿಗೆ ಅಡ್ಡಿಯೇ ಹೊರತು ಸಂಕಲ್ಪಕ್ಕೆ ಅಡ್ಡಿಯಲ್ಲವೆಂಬುದಷ್ಟೇ ಅವನ ಅಭಿಪ್ರಾಯ.

ಗುಲಾಮನಾಗಿರುವಾಗಲೇ ಅವನಿಗೆ ಓದುವ ಅವಕಾಶವು ಲಭಿಸಿತು. ಮುಸೋನಿಯಸ್ ರೂಫಸ್ ಎಂಬವನು ಅಂದಿನ ರೋಮಿನ ಹೆಸರಾಂತ ಸ್ಟೋಯಿಕ್ ಗುರು. ನೀರೋ ಅವನನ್ನು ಕ್ರಿ. ಶ. 65ರಲ್ಲಿ ಗಡೀಪಾರು ಮಾಡಿದ್ದನು. ಅಂತಹ ಗುರುವಿನ ಪಾಠಕ್ಕೆ ಈ ಗುಲಾಮನು ಹೋಗಿ ಕುಳಿತುಕೊಳ್ಳುತ್ತಿದ್ದನು. ಹಗಲೆಲ್ಲ ಲೋಟ ತೊಳೆದು, ಸಂಜೆ ಒದ್ದೆಯ ಕೈಗಳನ್ನು ಒರಸಿಕೊಂಡು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತವರಿಗೆ ಆ ಪಾಠದ ರುಚಿ ಗೊತ್ತು. ನಾವೂ ಹಾಗೆ ಕುಳಿತವರೇ. ಒಮ್ಮೆ ಎಪಿಕ್ಟೀಟಸನು ತರ್ಕದ ಪಾಠದಲ್ಲಿ ಒಂದು ತಪ್ಪನ್ನು ಹಿಡಿಯಲಾರದೆ ಹೋದನು. ಗುರುವು ಗದರಿಸಿದಾಗ, ತಾನೇನು ರೋಮಿನ ಕ್ಯಾಪಿಟಲ್ ದೇವಾಲಯಕ್ಕೆ ಬೆಂಕಿಯಿಟ್ಟೆನೆ ಎಂದು ಮರುನುಡಿದನು. ಆ ದೇವಾಲಯವು ಕ್ರಿ. ಶ. 69ರ ಗಲಭೆಯಲ್ಲಿ ಸುಟ್ಟುಹೋಗಿತ್ತು. ಈ ಲೆಕ್ಕದಲ್ಲಿ ಬಿಟ್ಟುಹೋದ ಅಂಶವೇ ಇಲ್ಲಿಯ ಕ್ಯಾಪಿಟಲ್ ಎಂದು ಗುರುವು ಬಾಯಿ ಮುಚ್ಚಿಸಿದನು. ಕೈಯಲ್ಲಿರುವ ಕೆಲಸದ ತಪ್ಪಿಗಿಂತ ದೊಡ್ಡ ತಪ್ಪಿಲ್ಲವೆಂಬ ಈ ಏಟನ್ನು ಶಿಷ್ಯನು ಮರೆಯಲಿಲ್ಲ. ತನಗೆ ಆದ ಅವಮಾನವನ್ನು ತಾನೇ ತನ್ನ ಶಿಷ್ಯರಿಗೆ ಹೇಳಿಕೊಂಡನು.

ಮುಂದೆ ಅವನಿಗೆ ಬಿಡುಗಡೆಯಾಯಿತು. ರೋಮಿನಲ್ಲಿಯೇ ಬೋಧಿಸತೊಡಗಿದನು. ಸಾಕ್ರೆಟಿಸನಂತೆ ಬೀದಿಯಲ್ಲಿ ಶ್ರೀಮಂತರನ್ನು ನಿಲ್ಲಿಸಿ, ನಿಮ್ಮ ಕುದುರೆಗಳ ಆರೈಕೆಗೆ ತಿಳಿದವರಿದ್ದಾರೆ, ನಿಮ್ಮ ಆತ್ಮದ ಆರೈಕೆ ಯಾರದು ಎಂದು ಪ್ರಶ್ನಿಸುವ ಹವ್ಯಾಸ ಅವನಿಗೂ ಒಂದು ಕಾಲಕ್ಕೆ ಇತ್ತು. ರೋಮಿನ ಶ್ರೀಮಂತರು ಇಂತಹ ಪ್ರಶ್ನೆಗೆ ಮುಷ್ಟಿಯಿಂದ ಉತ್ತರ ಕೊಡುತ್ತಾರೆಂಬುದು ಅನುಭವಕ್ಕೆ ಬಂದ ಮೇಲೆ ಅದನ್ನು ಬಿಟ್ಟನೆಂದು ಅವನ ಮಾತಿನಿಂದ ತೋರುತ್ತದೆ. ಕ್ರಿ. ಶ. 93ರ ಸುಮಾರಿಗೆ ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನೆಲ್ಲ ನಗರದಿಂದ ಹೊರಗಟ್ಟಿದನು. ಹಳೆಯ ಧಣಿಯ ಗತಿಯು ಇನ್ನೂ ಕೆಟ್ಟದಾಯಿತು. ಕ್ರಿ. ಶ. 68ರಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡಾಗ ಕೈನೀಡಿದವನೆಂಬ ಅಪರಾಧವನ್ನು ಎಷ್ಟೋ ವರ್ಷಗಳ ಮೇಲೆ ಹೊರಿಸಿ ಅದೇ ಡೊಮಿಷಿಯನನು ಎಪಫ್ರೊಡಿಟಸನನ್ನು ಕೊಲ್ಲಿಸಿದನು. ಗುಲಾಮನು ಊರು ಬಿಟ್ಟು ಬದುಕಿದನು, ಧಣಿಯು ಅರಮನೆಯನ್ನು ನಂಬಿ ಸತ್ತನು.

ಗಡೀಪಾರಾದ ಎಪಿಕ್ಟೀಟಸನು ಸಮುದ್ರವನ್ನು ದಾಟಿ ಗ್ರೀಸಿನ ಪಶ್ಚಿಮ ಕರಾವಳಿಯ ನಿಕೊಪೊಲಿಸ್ ಎಂಬ ಊರನ್ನು ಸೇರಿದನು. ಕ್ರಿ. ಪೂ. 31ರ ಆಕ್ಟಿಯಮ್ ಯುದ್ಧದಲ್ಲಿ ಗೆದ್ದುದರ ನೆನಪಿಗೆ ಆಗಸ್ಟಸನು ಕಟ್ಟಿಸಿದ ಪಟ್ಟಣವದು. ಆ ಹೆಸರನ್ನು ಕನ್ನಡಿಸಿದರೆ ವಿಜಯನಗರವೆಂದೇ ಆಗುತ್ತದೆ. ಇಟಲಿಗೂ ಗ್ರೀಸಿಗೂ ಓಡಾಡುವವರ ಹಾದಿಯಲ್ಲಿದ್ದ ಊರಾದುದರಿಂದ ಅಧಿಕಾರಿಗಳೂ ಯಾತ್ರಿಕರೂ ಅಲ್ಲಿ ಇಳಿಯುತ್ತಿದ್ದರು. ಅಲ್ಲಿ ಅವನು ತೆರೆದ ಶಾಲೆಗೆ ದೂರದೂರದಿಂದ ಸ್ಥಿತಿವಂತರ ಮಕ್ಕಳು ಬಂದರು. ಹೀಗೆ ಬಂದವರು ಮನೆಯನ್ನೂ ತಾಯಿಯನ್ನೂ ತಮ್ಮ ಊರಿನ ಸ್ನಾನಗೃಹವನ್ನೂ ನೆನೆದು ಕಣ್ಣೀರಿಡುತ್ತಿದ್ದರು. ಗುರುವು ಅವರನ್ನು ಹೆಚ್ಚು ಮುದ್ದಿಸುತ್ತಿರಲಿಲ್ಲ. ಮನುಷ್ಯನು ತನ್ನನ್ನು ಅಥೆನ್ಸಿನವನೆಂದೋ ಕೊರಿಂಥಿನವನೆಂದೋ ಹೇಳಿಕೊಳ್ಳುವುದಕ್ಕಿಂತ ವಿಶ್ವದ ಪ್ರಜೆಯೆಂದು ಹೇಳಿಕೊಳ್ಳುವುದು ಲೇಸೆಂಬುದು ಅವನ ಮತ. ಹಾಗೆಂದು ಗುರಿ ಮರೆತವರನ್ನು ಅವನು ಒಪ್ಪುತ್ತಿರಲಿಲ್ಲ. ಊರಿಗೆ ಹೊರಟವನು ನಡುದಾರಿಯಲ್ಲಿ ಒಳ್ಳೆಯ ಛತ್ರವೊಂದನ್ನು ಕಂಡು, ಅದರ ಸೊಗಸಿಗೆ ಸೋತು ಅಲ್ಲಿಯೇ ಉಳಿದುಬಿಟ್ಟರೆ ಹೇಗೆ ಎಂದು ಹಾಸ್ಯ ಮಾಡುತ್ತಿದ್ದನು. ಹತ್ತು ವರ್ಷ ದುಡಿದು ಊರಿಗೆ ಮರಳುವೆನೆಂದು ಮುಂಬಯಿಗೆ ಬಂದು, ಮೂವತ್ತು ವರ್ಷಗಳಾದರೂ ಮರಳದ ನಮ್ಮಂತಹವರು ಈ ಹಾಸ್ಯಕ್ಕೆ ಏನು ಹೇಳಬೇಕೋ ನಮಗೆ ತೋಚದು.

ಎಪಿಕ್ಟೀಟಸನು ತಾನಾಗಿ ಯಾವ ಗ್ರಂಥವನ್ನೂ ಬರೆಯಲಿಲ್ಲ. ಶಿಷ್ಯರಲ್ಲಿ ಆರಿಯನ್ ಎಂಬವನು ಗುರುವಿನ ಬಾಯಿಂದ ಬಂದುದನ್ನು ಬಂದಂತೆಯೇ ಬರೆದಿಟ್ಟುಕೊಂಡನು. ಈ ಆರಿಯನನೇ ಮುಂದೆ ಅಲೆಗ್ಸಾಂಡರನ ದಂಡಯಾತ್ರೆಯ ಇತಿಹಾಸವನ್ನೂ ನಮ್ಮ ಭರತಖಂಡವನ್ನು ಕುರಿತು ಇಂಡಿಕಾ ಎಂಬ ಗ್ರಂಥವನ್ನೂ ಬರೆದವನು. ಅವನು ಬರೆದಿಟ್ಟ ಉಪದೇಶಗಳ 8 ಸಂಪುಟಗಳಲ್ಲಿ ಇಂದಿಗೆ ಉಳಿದಿರುವುವು 4. ಅವುಗಳ ಸಾರವನ್ನು ಸಂಗ್ರಹಿಸಿದ ಚಿಕ್ಕ ಪುಸ್ತಕವೊಂದುಂಟು. ಅದರ ಗ್ರೀಕ್ ಹೆಸರಿಗೆ ಕೈಯಲ್ಲಿ ಹಿಡಿಯತಕ್ಕದ್ದು ಎಂದು ಅರ್ಥವಾದುದರಿಂದ ಕೈಪಿಡಿಯೆಂಬ ನಮ್ಮ ಮಾತು ಅದಕ್ಕೆ ಅಳತೆಗೆ ಹೊಲಿದಂತೆ ಹೊಂದುತ್ತದೆ.

ಅವನ ಬೋಧೆಯ ಬುಡವು ಒಂದೇ. ಕೆಲವು ಸಂಗತಿಗಳು ನಮ್ಮ ಅಧೀನದಲ್ಲಿವೆ, ಕೆಲವು ಇಲ್ಲ. ನಮ್ಮ ಅಭಿಪ್ರಾಯ, ನಮ್ಮ ಬಯಕೆ, ನಮ್ಮ ಪ್ರಯತ್ನ ಇವು ನಮ್ಮವು. ಶರೀರ, ಹಣ, ಕೀರ್ತಿ, ಪದವಿ ಇವು ಬಂದರೂ ಹೋದರೂ ಪರರ ಕೈಯಲ್ಲಿರುವುವು. ಎರಡನೆಯ ಬಗೆಯದನ್ನು ನನ್ನದೆಂದುಕೊಂಡವನು ಆ ಕ್ಷಣದಲ್ಲಿಯೇ ಯಾರಿಗೋ ಗುಲಾಮನಾದನು. ತನ್ನ ದೇಹವೂ ತನ್ನದಲ್ಲದ ಸ್ಥಿತಿಯಲ್ಲಿ ಬೆಳೆದವನು, ಹಾಗಾದರೆ ನನ್ನದು ಯಾವುದು ಎಂದು ಹುಡುಕಿ ತೆಗೆದ ಲೆಕ್ಕವಿದು. ಶ್ರೀಮಂತನೊಬ್ಬನು ಆರಾಮಕುರ್ಚಿಯಲ್ಲಿ ಕುಳಿತು ಇದನ್ನೇ ಹೇಳಿದ್ದರೆ ನಾವು ಕಿವಿಗೊಡುತ್ತಿರಲಿಲ್ಲ.

ಇದನ್ನವನು ವಿವರಿಸುತ್ತಿದ್ದ ರೀತಿಯು ಬಲು ಸರಳ. ಔತಣದ ಪಂಕ್ತಿಯಲ್ಲಿ ಭಕ್ಷ್ಯದ ತಟ್ಟೆಯು ನಿಮ್ಮೆದುರಿಗೆ ಬಂದಾಗ ಕೈನೀಡಿ ಮಿತವಾಗಿ ತೆಗೆದುಕೊಳ್ಳಿರಿ. ಮುಂದಕ್ಕೆ ಹೋದರೆ ಹಿಡಿದೆಳೆಯಬೇಡಿರಿ. ಇನ್ನೂ ಬಾರದಿದ್ದರೆ ದೂರದಿಂದಲೇ ಬಾಯಿ ಚಪ್ಪರಿಸಬೇಡಿರಿ. ಯಾರೋ ತನ್ನನ್ನು ಔತಣಕ್ಕೆ ಕರೆಯಲಿಲ್ಲವೆಂದು ಕೊರಗುವವನಿಗೆ ಅವನು ಸೊಪ್ಪಿನ ಅಂಗಡಿಯ ಲೆಕ್ಕವನ್ನು ತೋರಿಸಿದನು. ಒಂದು ಕಾಸು ಕೊಟ್ಟವನು ಸೊಪ್ಪನ್ನು ಒಯ್ದನು. ನೀನು ಕೊಡಲಿಲ್ಲ, ನಿನಗೆ ಸೊಪ್ಪಿಲ್ಲ. ಆದರೆ ಕಾಸು ನಿನ್ನ ಬಳಿಯೇ ಇದೆ. ಔತಣದ ಬೆಲೆ ಹೊಗಳಿಕೆ. ಹೊಗಳದೆ ಉಳಿಸಿಕೊಂಡ ನಾಲಗೆಯು ನಿನ್ನದೇ ಆಗಿರುವಾಗ ನಷ್ಟವೆಲ್ಲಿ? ಹಿರಿಯ ಅಧಿಕಾರಿಯ ಮನೆಯ ಸಮಾರಂಭಕ್ಕೆ ಕರೆಯಿಲ್ಲವೆಂದೂ, ಬಡ್ತಿಯು ಪಕ್ಕದ ಮೇಜಿನವನಿಗೆ ಹೋಯಿತೆಂದೂ ರಾತ್ರಿಯ ನಿದ್ರೆಯನ್ನು ಕಳೆದುಕೊಂಡ ಗುಮಾಸ್ತ ಬಂಧುಗಳು ಈ ಸೊಪ್ಪಿನ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬಹುದು. ಇಂದು ಗಿರಾಕಿಯು ಒಂದು ದೋಸೆಯನ್ನು ತಿಂದು ಮೊಬೈಲಿನಲ್ಲಿ ನಮ್ಮ ಹೋಟೆಲುಗಳಿಗೆ ನಕ್ಷತ್ರಗಳನ್ನು ಹಂಚುತ್ತಾನೆ. ಹಿಟ್ಟು ಹುಳಿಬಂದಿದೆಯೆ, ಕಾವಲಿ ಕಾದಿದೆಯೆ ಎಂಬುದು ನಮ್ಮ ಕೈಯಲ್ಲಿದೆ. ನಕ್ಷತ್ರವು ಅವನ ಬೆರಳಿನಲ್ಲಿದೆ.

ಇನ್ನು ನಮ್ಮ ಸಂಗತಿ. ನಾವು ಹೋಟೆಲನ್ನು ನಡೆಸುತ್ತಿದ್ದಾಗ ಮಾಣಿಯೊಬ್ಬನು ಒದ್ದೆಯ ನೆಲದಲ್ಲಿ ಜಾರಿ ಒಂದು ತಟ್ಟೆಯ ತುಂಬ ಗ್ಲಾಸುಗಳನ್ನು ಒಡೆದನು. ತಿಂಗಳ ಕೊನೆಗೆ ಅವುಗಳ ಬೆಲೆಯನ್ನು ಅವನ ಸಂಬಳದಲ್ಲಿ ಮುರಿದುಕೊಂಡೆವು. ಅವನು ಕಣ್ಣೀರು ತಂದಾಗ, ಕಷ್ಟಸುಖಗಳನ್ನು ಸಮನಾಗಿ ಕಾಣಬೇಕೆಂದು ನಾಲ್ಕು ಮಾತು ಬುದ್ಧಿಯನ್ನೂ ಹೇಳಿದೆವು. ಅದೇ ತಿಂಗಳಲ್ಲಿ ನಮ್ಮ ಮೊಣಕೈ ತಗಲಿ ಗಲ್ಲೆಯ ಮೇಲಿನ ಗಾಜಿನ ಭರಣಿಯೊಂದು ಒಡೆದಿತ್ತು. ಅದನ್ನು ನಾವು ಯಾರ ಲೆಕ್ಕದಲ್ಲಿಯೂ ಬರೆದಿರಲಿಲ್ಲ. ಆ ಹುಡುಗನು ಮುಂದಿನ ತಿಂಗಳು ಕೆಲಸ ಬಿಟ್ಟುಹೋದನು.

ಕೆಲವು ವಾರಗಳ ಬಳಿಕ ಕೈಪಿಡಿಯಲ್ಲಿ ಬಟ್ಟಲಿನ ಪ್ರಸ್ತಾಪವು ಎದುರಾಯಿತು. ನೆರೆಮನೆಯ ಆಳು ಬಟ್ಟಲನ್ನು ಒಡೆದರೆ, ಆಗುವಂಥದ್ದೇ ಎಂದು ನಾವು ತಕ್ಷಣ ಹೇಳುತ್ತೇವೆ. ನಮ್ಮ ಬಟ್ಟಲು ಒಡೆದಾಗಲೂ ಹಾಗೆಯೇ ಇರತಕ್ಕದ್ದೆಂಬುದು ಅಲ್ಲಿಯ ಅರ್ಥ. ಅದಕ್ಕೂ ಕಠಿನವಾದುದು ಉಪದೇಶಗಳ ಮೊದಲನೆಯ ಸಂಪುಟದಲ್ಲಿದೆ. ಬಿಸಿನೀರನ್ನು ತರಹೇಳಿದಾಗ ಗುಲಾಮನು ಕಿವಿಗೊಡಲಿಲ್ಲ, ಅಥವಾ ಉಗುರುಬೆಚ್ಚಗಿನದನ್ನು ತಂದನು. ಆಗ ಯಜಮಾನನು ಸಿಟ್ಟಿನಿಂದ ಸಿಡಿಯದಿರುವುದೇ ದೇವರಿಗೆ ಮೆಚ್ಚುಗೆಯೆಂದು ಎಪಿಕ್ಟೀಟಸನು ಹೇಳುತ್ತಾನೆ. ಇಂತಹ ಆಳನ್ನು ಸಹಿಸುವುದು ಹೇಗೆಂದು ಕೇಳಿದರೆ, ಅವನು ನಿನ್ನ ಒಡಹುಟ್ಟಿದವನು, ಒಂದೇ ದೇವರ ಮಗನು, ಎಂದು ಉತ್ತರ. ನಾನು ಅವನನ್ನು ದುಡ್ಡು ಕೊಟ್ಟು ಕೊಂಡಿರುವೆನೆಂದು ಯಜಮಾನನು ಕ್ರಯಪತ್ರವನ್ನು ತೋರಿಸಿದರೆ, ನೀನು ನೋಡುತ್ತಿರುವುದು ಸತ್ತವರು ಮಾಡಿದ ಕಾಯಿದೆಯನ್ನು, ದೇವರ ಕಾಯಿದೆಯನ್ನಲ್ಲ, ಎಂದು ಮುಖಕ್ಕೆ ಹೊಡೆದಂತೆ ಮಾತು. ಎದುರಿಗೆ ಕುಳಿತಿದ್ದವರು ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ತರುಣರೆಂಬುದನ್ನು ವಾಚಕರು ನೆನಪಿಡಬೇಕು. ತಾಳ್ಮೆಯ ಪಾಠವನ್ನು ಅವನು ಮೊದಲು ಓದಿಸಿದ್ದು ಆಳಿಗಲ್ಲ, ಧಣಿಗೆ. ನಾವು ಅದನ್ನು ತಿರುವುಮುರುವಾಗಿ ಓದಿಸಿದ್ದೆವು. ಮಾಣಿಯ ಸಂಬಳದಿಂದ ಮುರಿದ ಹಣವನ್ನು ಹಿಂದಿರುಗಿಸೋಣವೆಂದರೆ ಅವನು ಎಲ್ಲಿಗೆ ಹೋದನೆಂದು ಅಡಿಗೆಯ ಭಟ್ಟರಿಗೂ ತಿಳಿದಿರಲಿಲ್ಲ.

ಹೀಗಿದ್ದರೂ ಎಪಿಕ್ಟೀಟಸನಲ್ಲಿ ನಾವು ಕಾಣುವ ಕೊರತೆಯೊಂದನ್ನು ಮರೆಮಾಚಲಾರೆವು. ಗುಲಾಮಗಿರಿಯ ಪದ್ಧತಿಯೇ ತೊಲಗಬೇಕೆಂದು ಅವನು ಎಲ್ಲಿಯೂ ಕರೆಗೊಡಲಿಲ್ಲ. ಅವನ ಉಪದೇಶಗಳಲ್ಲೆಲ್ಲ ಅತಿ ದೀರ್ಘವಾದುದು ಸ್ವಾತಂತ್ರ್ಯವನ್ನು ಕುರಿತದ್ದು. ಅದರಲ್ಲಿ ಗುಲಾಮನೊಬ್ಬನು ಬಿಡುಗಡೆಗಾಗಿ ಹಂಬಲಿಸುತ್ತಾನೆ. ಬಿಡುಗಡೆಯಾದೊಡನೆ ಊಟಕ್ಕಾಗಿ ಇನ್ನೊಬ್ಬನ ಬಾಗಿಲು ಕಾಯುತ್ತಾನೆ. ಹಣ ಬಂದರೆ ಹೆಣ್ಣಿನ ಮೋಹ, ಮೋಹ ಕಳೆದರೆ ಪದವಿಯ ಮೋಹ. ಕಟ್ಟಕಡೆಗೆ ಸೆನೆಟ್ ಸಭೆಯ ಸದಸ್ಯನಾಗಿ ಅತ್ಯಂತ ಅಂದವಾದ ಗುಲಾಮಗಿರಿಯನ್ನು ಸೇರುತ್ತಾನೆ. ಇದು ಸತ್ಯ. ಮಾಣಿಯಾಗಿದ್ದಾಗ ನಮಗೆ ಒಬ್ಬನೇ ಧಣಿ. ಹೋಟೆಲನ್ನು ತೆರೆದ ಮೇಲೆ ಸಾಲ ಕೊಟ್ಟವನು, ಪರವಾನಗಿ ಕೊಡುವವನು, ಹಾಲಿನವನು, ಮಳಿಗೆಯ ಮಾಲೀಕ, ಎಲ್ಲರೂ ಧಣಿಗಳೇ. ಆದರೂ ಸಂಬಳವನ್ನು ಮುರಿದುಕೊಳ್ಳುವವನ ಗುಲಾಮಗಿರಿಯೂ ಮುರಿಸಿಕೊಳ್ಳುವವನ ಗುಲಾಮಗಿರಿಯೂ ಒಂದೇ ಎನ್ನಲು ನಮ್ಮ ನಾಲಗೆಯು ಏಳುವುದಿಲ್ಲ. ನ್ಯಾಯವಾದ ಕೂಲಿಯನ್ನು ಕೇಳುವುದು ನಮ್ಮ ಪ್ರಯತ್ನಕ್ಕೆ ಸೇರಿದ್ದು. ಪ್ರಯತ್ನವು ನಮ್ಮ ಅಧೀನವೆಂದು ಅವನೇ ಒಪ್ಪಿದ್ದಾನಲ್ಲ.

ತನ್ನ ಬಾಳಿನಲ್ಲಿ ಅವನು ನುಡಿದಂತೆ ನಡೆದನು. ರೋಮಿನಲ್ಲಿದ್ದ ಅವನ ಮನೆಗೆ ಅಗಳಿಯೇ ಬೇಕಿರಲಿಲ್ಲವಂತೆ. ಒಳಗಿದ್ದುದು ಒಂದು ಹುಲ್ಲಿನ ಹಾಸಿಗೆ ಮತ್ತು ಒಂದು ಚಾಪೆ. ದೇವರ ಮುಂದೆ ಇಟ್ಟಿದ್ದ ಕಬ್ಬಿಣದ ದೀಪವನ್ನು ಕಳ್ಳನು ಕದ್ದನು. ಕಳ್ಳನು ಎಚ್ಚರವಾಗಿರುವುದರಲ್ಲಿ ತನಗಿಂತ ನಿಪುಣನೆಂದುಕೊಂಡು ಎಪಿಕ್ಟೀಟಸನು ಮಣ್ಣಿನ ದೀಪವನ್ನು ತಂದುಕೊಂಡನು. ಅವನು ಸತ್ತ ಮೇಲೆ ಈ ಮಣ್ಣಿನ ದೀಪವನ್ನು ಯಾವನೋ ಒಬ್ಬನು 3000 ದ್ರಾಕ್ಮಾ ಕೊಟ್ಟು ಕೊಂಡನೆಂದು ಲೂಸಿಯನ್ ಎಂಬ ವಿನೋದ ಲೇಖಕನು ಬರೆದಿದ್ದಾನೆ. ಆ ಬೆಳಕಿನಲ್ಲಿ ಓದಿದರೆ ಜ್ಞಾನವು ತಾನಾಗಿ ಬರುವುದೆಂದು ಆ ಮಹಾಶಯನ ಎಣಿಕೆ. ಮದುವೆಯ ವಿಷಯದಲ್ಲಿಯೂ ಲೂಸಿಯನ್ ಒಂದು ಪ್ರಸಂಗವನ್ನು ಹೇಳುತ್ತಾನೆ. ಡೆಮೊನಾಕ್ಸ್ ಎಂಬ ತತ್ತ್ವಜ್ಞಾನಿಗೆ ಎಪಿಕ್ಟೀಟಸನು ಮದುವೆಯಾಗೆಂದು ಬುದ್ಧಿ ಹೇಳಿದಾಗ, ಹಾಗಾದರೆ ನಿನ್ನ ಮಗಳನ್ನೇ ಕೊಡು ಎಂದು ಅವನು ಕೇಳಿದನಂತೆ. ಬುದ್ಧಿ ಹೇಳಿದವನೇ ಬ್ರಹ್ಮಚಾರಿ!

ಎಪಿಕ್ಟೀಟಸನು ಕ್ರಿ. ಶ. 135ರ ಸುಮಾರಿಗೆ ಕಾಲವಾದನು. ಗುಲಾಮನ ಮಾತುಗಳನ್ನು ಮುಂದಿನ ತಲೆಮಾರಿನಲ್ಲಿ ಸಾಕ್ಷಾತ್ ಚಕ್ರವರ್ತಿಯೇ ಓದಿದನು. ಕ್ರಿ. ಶ. 161ರಿಂದ 180ರವರೆಗೆ ಆಳಿದ ಮಾರ್ಕಸ್ ಅರೀಲಿಯಸನು ತನಗೆ ಆ ಬರಹಗಳನ್ನು ಓದಲು ಕೊಟ್ಟ ರಸ್ಟಿಕಸ್ ಎಂಬ ಗುರುವಿಗೆ ಕೃತಜ್ಞತೆಯನ್ನು ಬರೆದಿಟ್ಟಿದ್ದಾನೆ. ಕ್ರೈಸ್ತ ಸಂನ್ಯಾಸಿಗಳು ಸಾಕ್ರೆಟಿಸನ ಹೆಸರಿದ್ದಲ್ಲಿ ಸಂತ ಪೌಲನ ಹೆಸರನ್ನು ಇಟ್ಟುಕೊಂಡು ಕೈಪಿಡಿಯನ್ನು ಮಠಗಳಲ್ಲಿ ಬಳಸಿದರು. 1758ರಲ್ಲಿ ಎಲಿಜಬೆತ್ ಕಾರ್ಟರ್ ಎಂಬ ವಿದುಷಿಯು ಉಳಿದಿರುವ ಉಪದೇಶಗಳೆಲ್ಲವನ್ನೂ ಇಂಗ್ಲಿಷಿಗೆ ತಂದಳು.

ನಮ್ಮ ಕಾಲಕ್ಕೆ ಹತ್ತಿರದ ಸಂಗತಿಯೆಂದರೆ ಜೇಮ್ಸ್ ಸ್ಟಾಕ್‌ಡೇಲ್ ಎಂಬ ಅಮೆರಿಕದ ವೈಮಾನಿಕನದು. 1965ರ ಸೆಪ್ಟೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಮೇಲೆ ಅವನ ವಿಮಾನವು ಹೊಡೆತಕ್ಕೆ ಸಿಕ್ಕಿತು. ಕೆಳಗಿಳಿಯುತ್ತ, ತಾನು ಯಂತ್ರಗಳ ಲೋಕವನ್ನು ಬಿಟ್ಟು ಎಪಿಕ್ಟೀಟಸನ ಲೋಕವನ್ನು ಹೊಗುತ್ತಿರುವೆನೆಂದು ಅವನು ಅಂದುಕೊಂಡನು. ಏಳು ವರ್ಷಗಳಿಗೂ ಮಿಕ್ಕ ಸೆರೆ, ಅದರಲ್ಲಿ ನಾಲ್ಕು ವರ್ಷ ಒಂಟಿ ಕೋಣೆ, ಚಿತ್ರಹಿಂಸೆ. ಕಾಲೊಂದು ಜಖಂ ಆಗಿ ಕಡೆಯವರೆಗೂ ಕುಂಟಿದನು. ಆ ಯುದ್ಧದ ನ್ಯಾಯಾನ್ಯಾಯವು ಬೇರೆ ಮಾತು. ಕತ್ತಲ ಕೋಣೆಯಲ್ಲಿ ತನ್ನದು ಯಾವುದು, ಸೆರೆಯಾಳುಗಳ ಕಾವಲುಗಾರನದು ಯಾವುದು ಎಂಬ ಹಳೆಯ ಲೆಕ್ಕವೇ ತನ್ನನ್ನು ಉಳಿಸಿತೆಂದು 1973ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಅವನು ಅನೇಕ ಬಾರಿ ಹೇಳಿದನು. ಅಮೆರಿಕದ ಮನೋವೈದ್ಯದಲ್ಲಿಯೂ ಈ ಲೆಕ್ಕವು ಸೇರಿಕೊಂಡಿದೆ. 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬವರು ಹೊಸ ಬಗೆಯ ಚಿಕಿತ್ಸೆಯನ್ನು ಕಂಡುಹಿಡಿದಾಗ, ಮನುಷ್ಯನನ್ನು ಕಲಕುವುದು ಘಟನೆಗಳಲ್ಲ, ಅವುಗಳನ್ನು ಕುರಿತು ಅವನು ಮಾಡಿಕೊಂಡ ಅಭಿಪ್ರಾಯಗಳು ಎಂಬ ಎಪಿಕ್ಟೀಟಸನ ಬೋಧೆಯನ್ನೇ ಅಡಿಪಾಯವಾಗಿ ಇಟ್ಟುಕೊಂಡರು. ಖಿನ್ನತೆಯಿಂದ ನರಳುವವರಿಗೆ ಇಂದು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಇದೇ ಜಾತಿಯ ಚಿಕಿತ್ಸೆಯನ್ನು ಕೊಡುತ್ತಿದ್ದಾರೆ.

ಅವನ ಮುಪ್ಪಿನ ಸಂಗತಿಯೊಂದನ್ನು ಹೇಳದೆ ಬಿಟ್ಟಿದ್ದೆವು. ಅಂದಿನ ರೋಮನ್ ರಾಜ್ಯದಲ್ಲಿ ಸಾಕಲಾರದ ಹಸುಗೂಸನ್ನು ಬಯಲಿನಲ್ಲಿ ಬಿಟ್ಟುಬಿಡುವ ಪದ್ಧತಿಯಿತ್ತು. ಎಪಿಕ್ಟೀಟಸನ ಗೆಳೆಯನೊಬ್ಬನು ಬಡತನದ ದೆಸೆಯಿಂದ ತನ್ನ ಕೂಸನ್ನು ಹಾಗೆ ಬಿಡಲು ಹೊರಟಿದ್ದನು. ಬಹುಕಾಲದಿಂದ ಒಂಟಿಯಾಗಿದ್ದ ಮುದುಕನು ಆ ಕೂಸನ್ನು ತಾನು ತೆಗೆದುಕೊಂಡನು. ಅದನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಮನೆಗೆ ಕರೆತಂದನು. ಇದನ್ನು ನಾಲ್ಕು ಶತಮಾನಗಳ ಬಳಿಕ ಸಿಂಪ್ಲಿಸಿಯಸ್ ಎಂಬ ವ್ಯಾಖ್ಯಾನಕಾರನು ಕೈಪಿಡಿಗೆ ಟೀಕೆಯನ್ನು ಬರೆಯುವಾಗ ದಾಖಲಿಸಿದ್ದಾನೆ. ಕೂಸಿನ ಹೆಸರನ್ನು ಅವನು ಬರೆದಿಲ್ಲ.